ಗಂಜ್‌ನ ದಲಾಲಿ ಅಂಗಡಿಯ ಡಾಸ್ ಲೆಕ್ಕ ವಿಂಡೋಸ್ 11ರಲ್ಲಿ ಓಡಿದ ಬಗೆ

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಹತ್ತಿ, ಶೇಂಗಾ ವ್ಯವಹಾರದ ಒಂದು ದಲಾಲಿ ಅಂಗಡಿ. ಅಲ್ಲಿನ ಲೆಕ್ಕವೆಲ್ಲ ಫಾಕ್ಸ್‌ಪ್ರೊ 2.6 ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದ ಡಾಸ್ (ವಿಂಡೋಸ್‌ಗೂ ಮೊದಲಿನ ವ್ಯವಸ್ಥೆ) ಪ್ರೋಗ್ರಾಂನಲ್ಲಿದೆ: ರೈತರ ಖಾತೆ, ಖರೀದಿದಾರರ ಉದ್ರಿ, ಕಿರ್ದಿ, ವರ್ಷದ ಕೊನೆಯ ತಾಳೆಪಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ರೈತನ ಕೈಗೆ ಕೊಡುವ ಪಟ್ಟಿ, ಅಂದರೆ ಅವನ ಮಾಲಿನ ಬಿಲ್ಲು. ಅದನ್ನು ಬರೆದುಕೊಟ್ಟವರು ಈಗ ಸಿಗುವುದಿಲ್ಲ, ಸೋರ್ಸ್ ಕೋಡ್ ಇಲ್ಲ. ಇರುವುದು ಒಂದು ಇಎಕ್ಸ್‌ಇ ಫೈಲ್, ಅದರ ರನ್‌ಟೈಮ್ ಲೈಬ್ರರಿ, ಲೆಕ್ಕದ ಮಾಹಿತಿ ಕೂತಿರುವ ಒಂದು ರಾಶಿ ಡಿಬಿಎಫ್ ಫೈಲ್‌ಗಳು. ಇಷ್ಟು ದಿನ ವಿಂಡೋಸ್ ಎಕ್ಸ್‌ಪಿ ಮೇಲೆ ಓಡುತ್ತಿತ್ತು. ಆ ಯಂತ್ರದ ಕ್ಯಾಬಿನೆಟ್ ಬಿಚ್ಚಿದಾಗ ಪವರ್ ಸಪ್ಲೈ ಫ್ಯಾನಿಗೆ ಹತ್ತಿಯ ಎಳೆ ಕಂಬಳಿಯಂತೆ ಸುತ್ತಿಕೊಂಡಿತ್ತು, ಮದರ್‌ಬೋರ್ಡಿನ ಎರಡು ಕೆಪಾಸಿಟರ್ ತಲೆ ಉಬ್ಬಿದ್ದವು. ಅಕ್ಟೋಬರ್‌ನಲ್ಲಿ ಹತ್ತಿ ಬರುವುದರೊಳಗೆ ಹೊಸ ಯಂತ್ರಕ್ಕೆ ಸಾಗಿಸಬೇಕಿತ್ತು. ಇಂಥ ಕೆಲಸಕ್ಕೆ ಜೂನ್, ಜುಲೈ ಒಳ್ಳೆಯ ಕಾಲ, ಗಂಜ್‌ನಲ್ಲಿ ಆವಕ ಕಡಿಮೆ ಇರುತ್ತದೆ.

ಹಳೆಯ ಇಎಕ್ಸ್‌ಇ ಫೈಲನ್ನು ಹೊಸ ವಿಂಡೋಸ್‌ಗೆ ಹಾಕಿ ಎರಡು ಸಲ ಒತ್ತಿದರೆ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ. ‘ಕಂಪ್ಯಾಟಿಬಿಲಿಟಿ’ ಟ್ಯಾಬ್‌ನಲ್ಲಿ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. 32 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂಗಳನ್ನು ಓಡಿಸಲು ಎನ್‌ಟಿವಿಡಿಎಂ ಎಂಬ ಭಾಗವಿತ್ತು. ಅದು ಪ್ರೊಸೆಸರಿನ ವರ್ಚುವಲ್ 8086 ಎಂಬ ಸೌಲಭ್ಯದ ಮೇಲೆ ನಿಂತಿತ್ತು. ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿ ಓಡುವಾಗ ಆ ಸೌಲಭ್ಯವೇ ಇರುವುದಿಲ್ಲ, ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ ಕೂಡ ಇಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇತ್ತು, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಬಂದಿಲ್ಲ. ಉಳಿದದ್ದು ಎರಡು ದಾರಿ: ಹಳೆಯ ಯಂತ್ರವನ್ನೇ ವರ್ಚುವಲ್ ಯಂತ್ರವಾಗಿ (ತಂತ್ರಾಂಶದಲ್ಲೇ ಇರುವ ಯಂತ್ರ) ಹೊಸದರೊಳಗೆ ಕೂರಿಸುವುದು, ಇಲ್ಲವೇ ಹಳೆಯ ಡಾಸ್ ಯಂತ್ರದಂತೆ ನಟಿಸುವ ತಂತ್ರಾಂಶ, ಅಂದರೆ ಡಾಸ್ ಎಮ್ಯುಲೇಟರ್ ಬಳಸುವುದು. ನಾವು ಎರಡನ್ನೂ ಮಾಡಿದೆವು. ಒಂದು ದಿನನಿತ್ಯದ ಕೆಲಸಕ್ಕೆ, ಇನ್ನೊಂದು ತಾಳೆ ನೋಡಲು.

ಎಲ್ಲಕ್ಕಿಂತ ಮೊದಲು ಡಿಸ್ಕ್. ಹಳೆಯ 40 ಜಿಬಿ ಐಡಿಇ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್‌ಗೆ ಹಾಕುವಾಗ ಎರಡು ಮಾತು ನೆನಪಿಡಬೇಕು. ಜಂಪರ್ ‘ಮಾಸ್ಟರ್’ ಜಾಗದಲ್ಲಿರಬೇಕು. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಿಂದ ಬರುವ 5 ವೋಲ್ಟ್ ಸಾಲದು, ಅಡಾಪ್ಟರ್ ಜೊತೆ ಬರುವ ಬೇರೆ ಚಾರ್ಜರನ್ನೂ ಹಾಕಬೇಕು. ವಿಂಡೋಸ್‌ನಲ್ಲಿ ತೆರೆದು ಫೈಲ್ ಫೈಲಾಗಿ ಕಾಪಿ ಮಾಡಲು ಹೋಗಬೇಡಿ. ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಇದ್ದರೆ ಅಲ್ಲೇ ತಿಣುಕಿ ಪೂರ್ತಿ ನಿಂತುಬಿಡಬಹುದು. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಇಡೀ ಡಿಸ್ಕಿನ ಪ್ರತಿಯನ್ನು (ಇಮೇಜ್) ಒಂದು ಫೈಲಿಗೆ ತೆಗೆಯುವ ಡಿಡಿರೆಸ್ಕ್ಯೂ ಓಡಿಸಿದೆವು. ಮೊದಲ ಸುತ್ತಿನಲ್ಲಿ ಕಷ್ಟದ ಜಾಗ ಬಿಟ್ಟು ಸುಲಭವಾಗಿ ಓದಿದ್ದೆಲ್ಲ ತೆಗೆದುಕೊಳ್ಳುವುದು, ಎರಡನೆಯ ಸುತ್ತಿನಲ್ಲಿ ಬಿಟ್ಟ ಜಾಗಕ್ಕೆ ಮರಳುವುದು. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬುದು ಮ್ಯಾಪ್ ಫೈಲಿನಲ್ಲಿ ಉಳಿಯುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. ಇಮೇಜ್ ತೆಗೆಯುವ ಕೆಲಸ ಪೂರ್ತಿ ಮುಗಿದ ಮೇಲೆ ಮೂಲ ಡಿಸ್ಕನ್ನು ಕವರಿನಲ್ಲಿ ಹಾಕಿ ತಿಜೋರಿಗೆ ಸೇರಿಸಿದೆವು, ಮತ್ತೆ ಮುಟ್ಟಲಿಲ್ಲ.

ಆ ಇಮೇಜನ್ನು ವರ್ಚುವಲ್ ಯಂತ್ರ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶಕ್ಕೆ ಒಪ್ಪುವ ರೂಪಕ್ಕೆ ತಂದು ಬೂಟ್ ಮಾಡಿದಾಗ ನೀಲಿ ಪರದೆ ಬಂತು, ಕೊನೆಯಲ್ಲಿ 7ಬಿ ಎಂಬ ಸಂಖ್ಯೆ. ಎಕ್ಸ್‌ಪಿಗೆ ತನ್ನ ಹಳೆಯ ಮದರ್‌ಬೋರ್ಡಿನ ಐಡಿಇ ಕಂಟ್ರೋಲರ್ ಮಾತ್ರ ಗೊತ್ತು, ವರ್ಚುವಲ್ ಯಂತ್ರದ ಕಂಟ್ರೋಲರ್ ಬೇರೆ, ಹಾಗಾಗಿ ತಾನು ಬೂಟ್ ಆಗಬೇಕಾದ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ಮರ್ಜ್‌ಐಡಿಇ ಎಂಬ ರಿಜಿಸ್ಟ್ರಿ ತಿದ್ದುಪಡಿ ಇದಕ್ಕೇ ಇದೆ. ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಅದನ್ನು ಹಾಕಿ ಆಮೇಲೆ ಇಮೇಜ್ ತೆಗೆದರೆ ಸುಲಭ. ನಾವು ಆ ಕ್ರಮ ತಪ್ಪಿ ಎರಡು ಸಲ ಇಮೇಜ್ ತೆಗೆಯಬೇಕಾಯಿತು. ಬೂಟ್ ಆದ ಮೇಲೆ ಯಂತ್ರಾಂಶ ಬದಲಾಗಿದೆಯೆಂದು ಎಕ್ಸ್‌ಪಿ ಮತ್ತೆ ಆ್ಯಕ್ಟಿವೇಶನ್ ಕೇಳುತ್ತದೆ. ಎಕ್ಸ್‌ಪಿಗೆ ನಿಯಮಿತ ಭದ್ರತಾ ತಿದ್ದುಪಡಿ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಈ ಎರಡು ಕಾರಣಕ್ಕೆ ದಿನದ ವ್ಯವಹಾರವನ್ನು ವರ್ಚುವಲ್ ಯಂತ್ರದಲ್ಲಿ ಇಡಲು ನಮಗೆ ಮನಸ್ಸಾಗಲಿಲ್ಲ. ನೆಟ್‌ವರ್ಕ್ ಕಾರ್ಡ್ ತೆಗೆದು, ಹಳೆಯ ಲೆಕ್ಕ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಮಾತ್ರ ಇಟ್ಟುಕೊಂಡೆವು. ಆ ಸಾಕ್ಷಿ ಮುಂದೆ ಬಹಳ ಉಪಯೋಗಕ್ಕೆ ಬಂತು.

ಎಮ್ಯುಲೇಟರ್ ಮುಟ್ಟುವ ಮೊದಲು ಡಿಬಿಎಫ್ ಫೈಲ್‌ಗಳ ಆರೋಗ್ಯ ನೋಡಬೇಕು. ಹಳೆಯ ರೋಗವನ್ನು ಹೊಸ ಮನೆಗೆ ಒಯ್ದರೆ ಆಮೇಲೆ ತಪ್ಪು ಎಮ್ಯುಲೇಟರ್‌ನದ್ದೋ ಫೈಲಿನದ್ದೋ ಎಂದು ಬಗೆಹರಿಯುವುದಿಲ್ಲ. ಡಿಬಿಎಫ್ ತುಂಬಾ ಸರಳ ರಚನೆ. ತಲೆಯಲ್ಲಿ 32 ಬೈಟ್, ಒಂದೊಂದು ಕಾಲಂಗೆ 32 ಬೈಟ್, ತಲೆ ಮುಗಿಯಿತು ಎನ್ನಲು 1 ಬೈಟ್. ಆಮೇಲೆ ಒಂದೇ ಅಳತೆಯ ರೆಕಾರ್ಡ್‌ಗಳು ಸಾಲಾಗಿ, ಕೊನೆಗೆ 26 ಎಂಬ ಒಂದು ಬೈಟ್. ತಲೆಯ ಐದರಿಂದ ಎಂಟನೇ ಬೈಟ್‌ನಲ್ಲಿ ರೆಕಾರ್ಡ್ ಎಷ್ಟಿವೆ ಎಂಬ ಎಣಿಕೆ ಇರುತ್ತದೆ, ಚಿಕ್ಕ ಬೈಟ್ ಮೊದಲು. ಹೀಗಾಗಿ ಫೈಲಿನ ಗಾತ್ರ ಎಷ್ಟಿರಬೇಕೆಂದು ಕಾಗದದ ಮೇಲೇ ಲೆಕ್ಕ ಹಾಕಬಹುದು.

ಪಟ್ಟಿಯ ಫೈಲಿನಲ್ಲಿ 18 ಕಾಲಂ ಇದ್ದವು, ಅಂದರೆ ತಲೆ 609 ಬೈಟ್. ರೆಕಾರ್ಡಿನ ಉದ್ದ 142. ಎಣಿಕೆ 48,316. ಇವುಗಳಿಂದ ಗಾತ್ರ 68,61,482 ಬೈಟ್ ಆಗಬೇಕು, ಇದ್ದದ್ದು 68,61,908. ವ್ಯತ್ಯಾಸ 426, ಅಂದರೆ ಸರಿಯಾಗಿ ಮೂರು ರೆಕಾರ್ಡ್. ಯಾವತ್ತೋ ಪಟ್ಟಿ ಹೊಡೆಯುತ್ತಿರುವಾಗ ಕರೆಂಟ್ ಹೋಗಿ, ಮೂರು ಸಾಲು ಡಿಸ್ಕಿಗೆ ಬಿದ್ದಿವೆ, ತಲೆಯ ಎಣಿಕೆ ಮಾತ್ರ ತಿದ್ದಿಲ್ಲ. ಪ್ರೋಗ್ರಾಂ ಎಣಿಕೆಯನ್ನೇ ನಂಬುವುದರಿಂದ ಆ ಮೂರು ಸಾಲು ಇದ್ದೂ ಕಾಣುತ್ತಿರಲಿಲ್ಲ. ಕಾಪಿಯ ಮೇಲೆ ಹೆಕ್ಸ್ ಎಡಿಟರ್‌ನಲ್ಲಿ (ಫೈಲನ್ನು ಬೈಟ್ ಬೈಟಾಗಿ ತೋರಿಸಿ ತಿದ್ದುವ ತಂತ್ರಾಂಶ) ಎಣಿಕೆಯ ಆ ನಾಲ್ಕು ಬೈಟನ್ನು 188, 188, 0, 0 ಇದ್ದದ್ದು 191, 188, 0, 0 ಮಾಡಿದೆವು. 188ನ್ನು 256ರಿಂದ ಗುಣಿಸಿ 191 ಕೂಡಿಸಿದರೆ 48,319. ಮೂರೂ ಸಾಲು ಕಂಡವು. ಅವನ್ನು ಗುಮಾಸ್ತರು ಕಾರ್ಬನ್ ಪ್ರತಿಯ ಜೊತೆ ಹೋಲಿಸಿ ನೋಡಿ ಒಪ್ಪಿದ ಮೇಲಷ್ಟೇ ಉಳಿಸಿಕೊಂಡೆವು. ಇಂಥ ತಿದ್ದುಪಡಿ ಆದ ತಕ್ಷಣ ಸಾಲುಗಳನ್ನು ಬೇಗ ಹುಡುಕಲು ಇರುವ ಇಂಡೆಕ್ಸ್ ಹೊಸದಾಗಿ ಕಟ್ಟಿಸಬೇಕು. ಇಂಡೆಕ್ಸ್ ಒಂದು ಹೇಳಿ ಫೈಲ್ ಇನ್ನೊಂದು ಹೇಳಿದರೆ ಹೊಸ ಸಾಲು ಹುಡುಕಾಟಕ್ಕೆ ಸಿಗುವುದಿಲ್ಲ, ಅಥವಾ ‘ರೆಕಾರ್ಡ್ ಈಸ್ ಔಟ್ ಆಫ್ ರೇಂಜ್’ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ.

ಎಮ್ಯುಲೇಟರ್ ಆಗಿ ಡಾಸ್‌ಬಾಕ್ಸ್-ಎಕ್ಸ್ ಆರಿಸಿದೆವು. ಮೂಲ ಡಾಸ್‌ಬಾಕ್ಸ್ ಆಟಗಳಿಗಾಗಿ ಮಾಡಿದ್ದು, ಪ್ರಿಂಟರ್ ಬೆಂಬಲ ಅದರಲ್ಲಿ ಇಲ್ಲ. ಲೆಕ್ಕದ ಪ್ರೋಗ್ರಾಂಗೆ ಆ ಮೂಲ ಆವೃತ್ತಿ ಬೇಡ. ಪಠ್ಯ ಪರದೆಯ ವ್ಯವಹಾರದ ಪ್ರೋಗ್ರಾಂಗಳಿಗೆಂದೇ ಮಾಡಿದ ವಿಡಾಸ್ ಕೂಡ ಒಳ್ಳೆಯ ಆಯ್ಕೆ. ನಮಗೆ ಹಳೆಯ ಪ್ರಿಂಟರ್ ಸಿಕ್ಕಿಸುವ ಪ್ಯಾರಲಲ್ ಪೋರ್ಟಿನ ಮೇಲೆ ಹೆಚ್ಚು ಹಿಡಿತ ಬೇಕಿದ್ದರಿಂದ ಡಾಸ್‌ಬಾಕ್ಸ್-ಎಕ್ಸ್ ತೆಗೆದುಕೊಂಡೆವು.

ಫೈಲ್‌ಗಳನ್ನು ಎಲ್ಲಿಡುತ್ತೀರಿ ಎಂಬುದು ಚಿಕ್ಕ ಮಾತಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಬೇಡ. ಹೊಸ ವಿಂಡೋಸ್‌ನಲ್ಲಿ ಇವು ಒನ್‌ಡ್ರೈವ್‌ಗೆ ಸೇರಿಕೊಂಡಿರುವುದುಂಟು, ಪ್ರೋಗ್ರಾಂ ಬರೆಯುತ್ತಿರುವಾಗಲೇ ಅದು ಫೈಲ್ ಹಿಡಿದು ಮೇಲಕ್ಕೆ ಕಳಿಸಲು ಹೋಗುತ್ತದೆ. ‘ಪ್ರೋಗ್ರಾಂ ಫೈಲ್ಸ್’ ಕೂಡ ಬೇಡ, ಅಲ್ಲಿ ಬರೆಯಲು ಅನುಮತಿ ಇರುವುದಿಲ್ಲ. ಡಿ ಡ್ರೈವ್‌ನ ಮೇಲ್ಮಟ್ಟದಲ್ಲಿ ಎಂಟಕ್ಷರದೊಳಗಿನ ಹೆಸರಿನ ಒಂದು ಫೋಲ್ಡರ್ ಮಾಡಿ, ಅದನ್ನು ಎಮ್ಯುಲೇಟರ್‌ನೊಳಗೆ ಹಳೆಯ ಯಂತ್ರದಲ್ಲಿದ್ದ ಅದೇ ಡ್ರೈವ್ ಅಕ್ಷರ, ಅದೇ ಪಾಥ್ ಬರುವಂತೆ ಮೌಂಟ್ ಮಾಡಿದೆವು. ಸೋರ್ಸ್ ಇಲ್ಲದ ಪ್ರೋಗ್ರಾಂನೊಳಗೆ ಪಾಥ್ ಗಟ್ಟಿಯಾಗಿ ಕೂತಿರುತ್ತದೆ, ಅದಕ್ಕೆ ನಾವೇ ಹೊಂದಿಕೊಳ್ಳಬೇಕು. ಫಾಕ್ಸ್‌ಪ್ರೊದ ಸೆಟ್ಟಿಂಗ್ ಇರುವ ಕಾನ್ಫಿಗ್ ಡಾಟ್ ಎಫ್‌ಪಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ನಮ್ಮದರಲ್ಲಿ ತಾತ್ಕಾಲಿಕ ಫೈಲ್‌ಗಳಿಗೆಂದು ಒಂದು ಫೋಲ್ಡರಿನ ಹೆಸರಿತ್ತು, ಹೊಸ ಯಂತ್ರದಲ್ಲಿ ಆ ಫೋಲ್ಡರ್ ಇರಲಿಲ್ಲ. ಪ್ರೋಗ್ರಾಂ ತೆರೆದುಕೊಂಡರೂ ವರದಿ ಕೇಳಿದಾಗ ನಿಂತುಬಿಡುತ್ತಿದ್ದದ್ದು ಅದಕ್ಕೇ.

ಎಮ್ಯುಲೇಟರ್‌ನ ವೇಗವನ್ನು (ಅದರ ಸೆಟ್ಟಿಂಗ್‌ನಲ್ಲಿ ‘ಸೈಕಲ್ಸ್’) ‘ಮ್ಯಾಕ್ಸ್’ಗೆ ಬಿಡಬೇಡಿ. ಫಾಕ್ಸ್‌ಪ್ರೊ ಕೀ ಒತ್ತುವುದಕ್ಕೆ ಕಾಯುವಾಗಲೂ ಸುಮ್ಮನೆ ಕೂರುವುದಿಲ್ಲ, ಬಂತೇ ಬಂತೇ ಎಂದು ನೋಡುತ್ತಲೇ ಇರುತ್ತದೆ. ಪ್ರೊಸೆಸರಿನ ಒಂದು ಕೋರ್ ದಿನವಿಡೀ ಪೂರ್ತಿ ಓಡುತ್ತದೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿಗೆ ಎಸಿ ಇಲ್ಲದ ಅಂಗಡಿಯಲ್ಲಿ ಅದು ಬೇಡದ ಶಾಖ. ಅದಲ್ಲದೆ ಫಾಕ್ಸ್‌ಪ್ರೊ 2.ಎಕ್ಸ್ ಆವೃತ್ತಿಗಳು ಬಹಳ ವೇಗದ ಪ್ರೊಸೆಸರಿನಲ್ಲಿ ಶುರುವಾಗುವಾಗಲೇ ಸೊನ್ನೆಯಿಂದ ಭಾಗಿಸಿದ ದೋಷ ಕೊಡುವುದುಂಟು. ಸೈಕಲ್ಸ್ 60,000ಕ್ಕೆ ನಿಲ್ಲಿಸಿದೆವು, ಎರಡೂ ತೊಂದರೆ ಹೋದವು. ತೀರಾ ಕಡಿಮೆ, 3,000 ಇಟ್ಟರೆ ಇಂಡೆಕ್ಸ್ ಕಟ್ಟುವಾಗ ಚಹಾ ಕುಡಿದು ಬಂದರೂ ಮುಗಿದಿರುವುದಿಲ್ಲ. ಎಫ್11 ಎಮ್ಯುಲೇಟರ್‌ನ ಸ್ವಂತ ಕೀ, ನಮ್ಮ ಪ್ರೋಗ್ರಾಂ ಎಫ್10ರವರೆಗೆ ಮಾತ್ರ ಬಳಸುತ್ತದೆ, ಜಗಳವಾಗಲಿಲ್ಲ. ಮುಚ್ಚುವ ಮುನ್ನ ಎಚ್ಚರಿಸುವ ‘ಕ್ವಿಟ್ ವಾರ್ನಿಂಗ್’ ಮಾತ್ರ ತಪ್ಪದೆ ಆನ್ ಮಾಡಿ. ವಿಂಡೋದ ಮೂಲೆಯ ಕ್ರಾಸ್ ಗುರುತು ಒತ್ತಿ ಮುಚ್ಚಿದರೆ, ಡಾಸ್ ಪ್ರೋಗ್ರಾಂ ಪಾಲಿಗೆ ಅದು ಕರೆಂಟ್ ಹೋದಂತೆಯೇ. ಆ ಮೂರು ರೆಕಾರ್ಡಿನ ಕಥೆ ಮತ್ತೆ ಶುರು.

ಇಷ್ಟಕ್ಕೆ ಒಂದು ದಿನ ಹಿಡಿಯಿತು. ಪಟ್ಟಿ ಸರಿಯಾಗಿ ಹೊರಬರಲು ನಾಲ್ಕು ದಿನ.

ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೆಡ್ ಸವೆದಿತ್ತು, ಜೊತೆಗೆ ಹೊಸ ಮದರ್‌ಬೋರ್ಡಿನಲ್ಲಿ ಪ್ಯಾರಲಲ್ ಪೋರ್ಟ್ ಇಲ್ಲ. 80 ಕಾಲಂನ, 9 ಪಿನ್ನಿನ, ಯುಎಸ್‌ಬಿ ಇರುವ ಹೊಸ ಪ್ರಿಂಟರ್ ತಂದೆವು. (ಹಳೆಯದನ್ನೇ ಉಳಿಸುವುದಾದರೆ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಸಿಗುತ್ತದೆ. ಆದರೆ ಅದು ಡಾಸ್ ಪ್ರೋಗ್ರಾಂ ಪ್ರಿಂಟರಿಗೆಂದು ಹುಡುಕುವ ಎಲ್‌ಪಿಟಿ1 ಎಂಬ ಪೋರ್ಟ್ ಕೊಡುವುದಿಲ್ಲ, ವಿಂಡೋಸ್‌ನಲ್ಲಿ ಯುಎಸ್‌ಬಿ001 ಎಂದು ಕಾಣುತ್ತದೆ. ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ ಇರುವ ಪ್ರೋಗ್ರಾಂಗೆ ಆ ಕೇಬಲ್ ಕೆಲಸಕ್ಕೇ ಬಾರದು.) ವಿಂಡೋಸ್‌ನಲ್ಲಿ ಅದಕ್ಕೆ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಹಾಕಿ, ಸ್ಪೇಸ್ ಇಲ್ಲದ ಚಿಕ್ಕ ಹೆಸರು ಕೊಟ್ಟು ಶೇರ್ ಮಾಡಿದೆವು. ಎಮ್ಯುಲೇಟರ್‌ನ ಪ್ಯಾರಲಲ್ ಪೋರ್ಟ್ ‘ಫೈಲ್’ಗೆ ತಿರುಗಿಸಿದೆವು: ಪ್ರೋಗ್ರಾಂ ಎಲ್‌ಪಿಟಿ1ಕ್ಕೆ ಕಳಿಸಿದ ಬೈಟ್‌ಗಳೆಲ್ಲ ಒಂದು ಫೈಲಿಗೆ ಹೋಗುತ್ತವೆ, ಫೈಲ್ ಮುಚ್ಚಿದ ಕೂಡಲೇ ಒಂದು ಬ್ಯಾಚ್ ಫೈಲ್ ಅದನ್ನು ಶೇರ್ ಆದ ಪ್ರಿಂಟರಿಗೆ ಕಾಪಿ ಮಾಡಿ, ಆಮೇಲೆ ದಿನಾಂಕ, ಹೊತ್ತು ಸೇರಿಸಿ ಬೇರೆ ಫೋಲ್ಡರಿಗೆ ಸರಿಸುತ್ತದೆ. ಕಾಪಿ ಆಜ್ಞೆಗೆ ಬೈನರಿ ಎಂದು ಹೇಳುವ ‘ಬಿ’ ಸ್ವಿಚ್ ಕೊಡಲೇಬೇಕು. ಇಲ್ಲದಿದ್ದರೆ 26 ಎಂಬ ಬೈಟ್ ಸಿಕ್ಕಲ್ಲಿ ಫೈಲ್ ಮುಗಿಯಿತೆಂದು ಕಾಪಿ ನಿಲ್ಲುತ್ತದೆ.

ಮೊದಲ ತೊಂದರೆ: ಪಟ್ಟಿ ಅರ್ಧಕ್ಕೆ ತುಂಡಾಗಿ ಬಂತು. ನಾಲ್ಕು ಸಾಲು ಒಂದು ಹಾಳೆಯಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಎಮ್ಯುಲೇಟರ್‌ಗೆ ಪಟ್ಟಿ ಮುಗಿಯಿತೆಂದು ತಿಳಿಯುವುದು ಬೈಟ್ ಬರುವುದು ನಿಂತಾಗ. ಅದು ಕಾಯುವುದು 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್. ನಮ್ಮ ಪ್ರೋಗ್ರಾಂ ರೈತನ ಹೆಸರು, ಊರು ಬರೆದ ಮೇಲೆ ಚೀಲ ಚೀಲದ ತೂಕವನ್ನು ಇನ್ನೊಂದು ಫೈಲಿನಿಂದ ಹುಡುಕಿ ಕೂಡಿಸುತ್ತದೆ. ಸೀಸನ್ನಿನಲ್ಲಿ ಆ ಫೈಲ್ ದೊಡ್ಡದಾದಷ್ಟೂ ನಡುವಿನ ಮೌನ ಉದ್ದವಾಗುತ್ತದೆ. ಕಾಯುವ ಹೊತ್ತನ್ನು 3,000 ಮಿಲಿಸೆಕೆಂಡ್ ಮಾಡಿದೆವು. ಪಟ್ಟಿ ಮೂರು ಸೆಕೆಂಡ್ ತಡವಾಗಿ ಬರುತ್ತದೆ, ಆದರೆ ಇಡಿಯಾಗಿ ಬರುತ್ತದೆ.

ಎರಡನೆಯದನ್ನು ಗುಮಾಸ್ತರೇ ಮೊದಲು ಕಂಡರು. “ಸರ, ಗೆರಿ ಇರೋ ಕಡಿ ಎಲ್ಲಾ ‘ಡಿ’ ಬಂದಾವ್ರಿ. ಸೊಟ್ಟ ‘ಡಿ’.” ಪಟ್ಟಿಯ ಮೇಲಿನ ಅಡ್ಡಗೆರೆ ಇರಬೇಕಾದಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರ ಬಾಗಿಕೊಂಡು ಸಾಲಾಗಿ ಕೂತಿತ್ತು, ಉದ್ದಗೆರೆಯ ಜಾಗದಲ್ಲಿ ಬಾಗಿದ 3. ಕಾರಣ ಸೊಗಸಾಗಿದೆ. ಡಾಸ್‌ನ 437ನೇ ಕೋಡ್ ಪೇಜಿನಲ್ಲಿ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಕೋಷ್ಟಕ) ಅಡ್ಡಗೆರೆಯ ಸಂಖ್ಯೆ 196, ಉದ್ದಗೆರೆಯದು 179. ಎಪ್ಸನ್ ಪದ್ಧತಿಯ ಪ್ರಿಂಟರಿನಲ್ಲಿ ಎರಡು ಅಕ್ಷರ ಕೋಷ್ಟಕಗಳಿರುತ್ತವೆ: ಒಂದು ಗೆರೆಗಳದ್ದು, ಇನ್ನೊಂದು ಇಟಾಲಿಕ್. ಇಟಾಲಿಕ್ ಕೋಷ್ಟಕದಲ್ಲಿ ಮೇಲಿನ ಅರ್ಧವೆಲ್ಲ ಕೆಳಗಿನ ಅರ್ಧದ ಅಕ್ಷರಗಳೇ, ಬಾಗಿದ ರೂಪದಲ್ಲಿ. 196ರಲ್ಲಿ 128 ಕಳೆದರೆ 68, ಅದು ‘ಡಿ’. 179ರಲ್ಲಿ 128 ಕಳೆದರೆ 51, ಅದು 3. ಹೊಸ ಪ್ರಿಂಟರ್ ಕಾರ್ಖಾನೆಯಿಂದ ಇಟಾಲಿಕ್ ಕೋಷ್ಟಕ ಇಟ್ಟುಕೊಂಡು ಬಂದಿತ್ತು.

ಕೋಷ್ಟಕ ಬದಲಿಸುವ ಸಂಕೇತ 27, 116, 1. ಈ ಮೂರು ಬೈಟನ್ನು ಪ್ರತಿ ಪಟ್ಟಿಯ ಮುಂದೆ ಅಂಟಿಸುವಂತೆ ಬ್ಯಾಚ್ ಫೈಲ್ ತಿದ್ದಿದೆವು, ಏನೂ ಬದಲಾಗಲಿಲ್ಲ. ಪಟ್ಟಿಯ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದಾಗ ಗೊತ್ತಾಯಿತು: ಪ್ರೋಗ್ರಾಂ ಕಳಿಸುವ ಮೊದಲ ಎರಡು ಬೈಟೇ 27, 64. ಅದು ಪ್ರಿಂಟರನ್ನು ಆಗಷ್ಟೇ ಆನ್ ಮಾಡಿದ ಸ್ಥಿತಿಗೆ ತರುವ ಸಂಕೇತ. ನಾವು ಹಾಕಿದ್ದನ್ನು ಅದು ಮರುಕ್ಷಣವೇ ಅಳಿಸುತ್ತಿತ್ತು. ಹಾಗಾಗಿ ಬದಲಾವಣೆ ಪ್ರಿಂಟರಿನ ಸ್ವಂತ ಡೀಫಾಲ್ಟ್‌ನಲ್ಲೇ ಆಗಬೇಕು. ಪ್ಯಾನೆಲ್ ಗುಂಡಿಗಳನ್ನು ಹಿಡಿದು ಆನ್ ಮಾಡಿದರೆ ಪ್ರಿಂಟರ್ ತನ್ನ ಸೆಟ್ಟಿಂಗ್ ಪಟ್ಟಿಯನ್ನು ಕಾಗದದ ಮೇಲೇ ಮುದ್ರಿಸುತ್ತದೆ, ಅದರಲ್ಲಿ ಅಕ್ಷರ ಕೋಷ್ಟಕವನ್ನು ಪಿಸಿ 437 ಮಾಡಿ ಉಳಿಸಿದೆವು.

ಮೂರನೆಯದೂ ಅಲ್ಲೇ ಸರಿಯಾಯಿತು. ಉದ್ದ ವರದಿ ತೆಗೆದಾಗ ಎರಡನೇ ಹಾಳೆಯ ತಲೆಬರಹ ಒಂದಿಂಚು ಮೇಲೆ, ಮೂರನೆಯದು ಎರಡಿಂಚು ಮೇಲೆ, ಮಡಿಕೆಯ ಮೇಲೇ ಅಚ್ಚಾಗುತ್ತಿತ್ತು. ಅಂಗಡಿಯ ಕಾಗದ 10 ಇಂಚು ಅಗಲ, 12 ಇಂಚು ಉದ್ದದ ಮಡಿಕೆ ಕಾಗದ. ಇಂಚಿಗೆ 6 ಸಾಲಿನಂತೆ 72 ಸಾಲು. ಹೊಸ ಪ್ರಿಂಟರಿನ ಡೀಫಾಲ್ಟ್ 11 ಇಂಚು, 66 ಸಾಲು. ವ್ಯತ್ಯಾಸ 6 ಸಾಲು, ಸರಿಯಾಗಿ ಒಂದಿಂಚು. ಪಟ್ಟಿ ಮಾತ್ರ ಸರಿ ಬರುತ್ತಿದ್ದದ್ದೇಕೆಂದರೆ ಅದು ಅರ್ಧ ಹಾಳೆ, ಪ್ರೋಗ್ರಾಂ ಅದಕ್ಕೆ 27, 67, 36 ಎಂದು 36 ಸಾಲಿನ ಉದ್ದವನ್ನು ತಾನೇ ಕಳಿಸುತ್ತದೆ. ವರದಿಗಳಿಗೆ ಕಳಿಸುವುದಿಲ್ಲ. ಎಮ್ಯುಲೇಟರ್‌ನಲ್ಲಿ ಪ್ರತಿ ಫೈಲಿನ ಕೊನೆಗೆ ಫಾರ್ಮ್ ಫೀಡ್ (ಮುಂದಿನ ಹಾಳೆಗೆ ಹೋಗುವ ಸಂಕೇತ) ಸೇರಿಸುವ ಆಯ್ಕೆಯಿದೆ. ಪ್ರೋಗ್ರಾಂ ತಾನೇ ಕಳಿಸುತ್ತಿದ್ದರೆ ಅದನ್ನು ಹಾಕಬೇಡಿ, ಪ್ರತಿ ಪಟ್ಟಿಗೆ ಒಂದು ಖಾಲಿ ಹಾಳೆ ದಂಡ.

ದಿನಾಂಕದ ಪರೀಕ್ಷೆ ಚಿಕ್ಕದು, ಆದರೆ ಬಿಡಬಾರದು. ಡಿಬಿಎಫ್ ಒಳಗೆ ದಿನಾಂಕ ಎಂಟು ಅಂಕಿಯಲ್ಲೇ ಕೂರುತ್ತದೆ, ಅಲ್ಲಿ ತೊಂದರೆಯಿಲ್ಲ. ಪರದೆಯಲ್ಲಿ ವರ್ಷಕ್ಕೆ ಎರಡೇ ಅಂಕಿ ಹಾಕುವ ಪ್ರೋಗ್ರಾಂನಲ್ಲಿ 26 ಎಂದರೆ 1926 ಆಗುವ ಅಪಾಯವಿದೆ. 31-03-26 ಎಂದು ಒಂದು ನಮೂದು ಹಾಕಿ, ಫೈಲಿನಲ್ಲಿ 20260331 ಕಂಡರೆ ಬರೆದವರು ಅದನ್ನು ಮೊದಲೇ ನೋಡಿಕೊಂಡಿದ್ದಾರೆ ಎಂದರ್ಥ. ನಮ್ಮದು ಸರಿಯಿತ್ತು.

ಅಂಗಡಿಯ ಹಿಂದೆ ತೂಕದ ಜಾಗದಲ್ಲಿ ಇನ್ನೊಂದು ಎಕ್ಸ್‌ಪಿ ಯಂತ್ರವಿದ್ದು, ಅದೇ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ತೆರೆಯುತ್ತಿತ್ತು. ಹೊಸ ವಿಂಡೋಸ್‌ನಲ್ಲಿ ಎಸ್‌ಎಂಬಿ1 (ಫೈಲ್ ಹಂಚಿಕೊಳ್ಳುವ ಹಳೆಯ ಪದ್ಧತಿ) ತಾನಾಗಿ ಆನ್ ಇರುವುದಿಲ್ಲ, ಎಕ್ಸ್‌ಪಿಗೆ ಅದೊಂದೇ ಗೊತ್ತು, ಹಾಗಾಗಿ ಶೇರ್ ಕಾಣುವುದೇ ಇಲ್ಲ. ಎಸ್‌ಎಂಬಿ1 ಆನ್ ಮಾಡಿಕೊಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದು ಹಳೆಯ, ಭದ್ರವಲ್ಲದ ಬಾಗಿಲು, ಲೆಕ್ಕ ಇರುವ ಯಂತ್ರದಲ್ಲಿ ತೆಗೆಯಬಾರದು. ಇಬ್ಬರು ಒಂದೇ ಹೊತ್ತಿಗೆ ಬರೆಯುವಾಗ ಫೈಲ್ ಲಾಕ್ ಮಾಡುವ ವ್ಯವಸ್ಥೆ ಎಮ್ಯುಲೇಟರ್‌ನಲ್ಲಿದೆ, ಆದರೂ ರೈತರ ದುಡ್ಡಿನ ಲೆಕ್ಕವನ್ನು ಅದರ ಮೇಲೆ ಬಿಡಲು ನಾವು ಒಪ್ಪಲಿಲ್ಲ. ಈಗ ಬರೆಯುವುದು ಒಂದೇ ಯಂತ್ರ. ತೂಕದವರು ಚೀಟಿ ಕಳಿಸುತ್ತಾರೆ.

ಇನ್ನೊಂದು ಕೆಲಸ ಕನ್ನಡದ್ದು. ರೈತರಿಗೆ ಕಳಿಸುವ ಬಾಕಿ ತಿಳಿವಳಿಕೆ ಪತ್ರಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಫಾಂಟ್ ಹಾಕಿದರೆ ಹೊಸ ವರ್ಡ್‌ನಲ್ಲಿ ಕಾಣುತ್ತವೆ, ವಾಟ್ಸ್ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗೊಂದಲ. ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ ಆರಿಸುವಾಗ ‘ಯ’ ಅಕ್ಷರದಿಂದ ಪರೀಕ್ಷಿಸಿ. ನುಡಿಯ ಹಳೆಯ ಸಂಕೇತದಲ್ಲಿ ‘ಯ’ ಒಂದಕ್ಕೇ ನಾಲ್ಕು ಚಿಹ್ನೆ, ಮೊದಲನೆಯದು ಇಂಗ್ಲಿಷಿನ ದೊಡ್ಡ ‘ಎ’. ಅದೇ ‘ಎ’ ಒಂಟಿಯಾಗಿ ಬಂದರೆ ಅನುಸ್ವಾರ. ಉದ್ದನೆಯ ಜೋಡಣೆಯನ್ನು ಮೊದಲು ಹುಡುಕದ ಪರಿವರ್ತಕದಲ್ಲಿ ‘ರಾಯಚೂರು’ ‘ರಾಂ’ ಎಂದು ಶುರುವಾಗಿ ಮುಂದೆ ಕೆಡುತ್ತದೆ. ಆಮೇಲೆ ‘ಕರ್ನಾಟಕ’ ಕೊಟ್ಟು ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ‘ನಾ’ ಆದ ಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು, ಪರಿವರ್ತಕ ಅದನ್ನು ಎತ್ತಿ ಹಿಂದಿಡಬೇಕು. ನಡುನಡುವೆ ನಿಜವಾದ ಇಂಗ್ಲಿಷ್ ಪದ, ವಾಹನ ಸಂಖ್ಯೆ ಇದ್ದರೆ ಅವೂ ಕನ್ನಡವಾಗಿ ಕೆಡುತ್ತವೆ. ಬರೀ ಪಠ್ಯ ಕಾಪಿ ಮಾಡಿ ತಿರುಗಿಸದೆ, ಯಾವ ಭಾಗ ನುಡಿ ಫಾಂಟಿನಲ್ಲಿದೆ ಎಂದು ನೋಡುವ, ವರ್ಡ್ ಫೈಲನ್ನೇ ತೆಗೆದುಕೊಳ್ಳುವ ಪರಿವರ್ತಕ ಬೇಕು.

ಎಲ್ಲ ಆದ ಮೇಲೆ ಹಿಂದಿನ ಆರ್ಥಿಕ ವರ್ಷದ ತಾಳೆಪಟ್ಟಿಯನ್ನು ವರ್ಚುವಲ್ ಎಕ್ಸ್‌ಪಿಯಲ್ಲೂ ಹೊಸ ಯಂತ್ರದಲ್ಲೂ ಫೈಲಿಗೆ ಮುದ್ರಿಸಿ, ಎರಡು ಫೈಲ್‌ಗಳನ್ನು ಬೈಟ್ ಬೈಟ್ ಹೋಲಿಸಿದೆವು. ವ್ಯತ್ಯಾಸ ಬಂದದ್ದು ಒಂದೇ ಕಡೆ, ಆ ಮೂರು ರೆಕಾರ್ಡ್ ಸೇರಿದ್ದ ಖಾತೆಗಳಲ್ಲಿ, ಸರಿಯಾಗಿ ಅಷ್ಟೇ ಮೊತ್ತ. ಈಗ ಪ್ರತಿ ಸಂಜೆ ಪ್ರೋಗ್ರಾಂ ಮುಚ್ಚಿದ ಮೇಲೆ ಇಡೀ ಫೋಲ್ಡರ್ ದಿನಾಂಕದ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ಹೋಗುತ್ತದೆ, ಎಮ್ಯುಲೇಟರ್ ಮತ್ತು ಅದರ ಕಾನ್ಫಿಗ್ ಫೈಲ್ ಕೂಡ ಅದೇ ಫೋಲ್ಡರಿನೊಳಗೇ ಇವೆ. ಆ ಪೆನ್‌ಡ್ರೈವನ್ನು ಬೇರೊಂದು ಲ್ಯಾಪ್‌ಟಾಪಿಗೆ ಹಾಕಿ, ಫೋಲ್ಡರನ್ನು ಅದರ ಡಿಸ್ಕಿಗೆ ಇಳಿಸಿ ತೆರೆದಾಗ, ಹಿಂದಿನ ಸಂಜೆಯ ಕೊನೆಯ ಪಟ್ಟಿಯ ನಂಬರ್ ಪರದೆಯ ಮೇಲಿತ್ತು.